ಮಂಚದ ಕೆಳಗಿನ ಬಟ್ಟಲು

ಅಡಿಗೆ ಸೋಡದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನ ಹಿಂದೆ ನಮ್ಮಪ್ಪನದೊಂದು ಪುಟ್ಟ ಹೋಟೆಲಿತ್ತು. ಶ್ರವಣಬೆಳಗೊಳಕ್ಕೆ ಹೋಗುವವರು ಬಸ್ಸು ಬರುವ ತನಕ ಅಲ್ಲಿ ಕೂತು ಬೋಂಡ ತಿಂದು ಕಾಫಿ ಕುಡಿಯುತ್ತಿದ್ದರು. ಹಿಟ್ಟಿಗೆ ಎಷ್ಟು ಸೋಡ ಬಿದ್ದರೆ ಬೋಂಡ ಉಬ್ಬುತ್ತದೆ, ಎಷ್ಟು ಬಿದ್ದರೆ ಎಣ್ಣೆ ಕುಡಿದು ಕೂರುತ್ತದೆ ಅನ್ನುವುದು ನನಗೆ ಮಗ್ಗಿಗಿಂತ ಮೊದಲು ಗೊತ್ತಿತ್ತು. ಸಂಜೆ ಬಾಗಿಲು ಹಾಕುವ ಮುಂಚೆ ಅಮ್ಮ ಅದೇ ಡಬ್ಬಿಯಿಂದ ಒಂದು ಹಿಡಿ ತೆಗೆದು ಹಾಲಿನ ಪಾತ್ರೆಯ ತಳ ಉಜ್ಜುತ್ತಿದ್ದಳು, ಈರುಳ್ಳಿ ಹೆಚ್ಚಿದ ಹಲಗೆಗೆ ಸವರುತ್ತಿದ್ದಳು, ಮೋರಿಗೆ ಸುರಿದು ಬಿಸಿನೀರು ಹೊಯ್ಯುತ್ತಿದ್ದಳು. ಅಪ್ಪನಿಗೆ ಎದೆ ಉರಿ ಅಂದರೆ ಅವನ ಲೋಟಕ್ಕೂ ಒಂದು ಚಿಟಿಕೆ ಬೀಳುತ್ತಿತ್ತು. ನಮ್ಮ ಮನೆಯಲ್ಲಿ ಹೊಟ್ಟೆಗೂ ಅದೇ, ಮೋರಿಗೂ ಅದೇ.

ಈಗ ಮೊಬೈಲು ತೆಗೆದರೆ ಸಾಕು, ಯಾರೋ ಒಬ್ಬಳು ಸೋಡದ ಮೇಲೆ ನಿಂಬೆಹಣ್ಣು ಹಿಂಡಿ ಬುಸ್ಸನೆ ನೊರೆ ಬರಿಸಿ ತೋರಿಸುತ್ತಾಳೆ. ನನಗೆ ಮೈ ಉರಿಯುತ್ತದೆ. ನೊರೆ ಬಂತು ಅಂದರೆ ಸೋಡದ ಸತ್ವ ಮುಗಿಯಿತು ಅಂತ ಅರ್ಥ, ನೋಡೋದಕ್ಕೆ ಚೆಂದ ಅಷ್ಟೇ. ಸೋಡಕ್ಕೆ ಬೇಕಾದದ್ದು ಹೊತ್ತು. ಹಾಸಿಗೆಯ ಮೇಲೆ ಉದುರಿಸಿದರೆ ನಾಲ್ಕೈದು ಗಂಟೆ ಕೈ ಹಚ್ಚಬಾರದು. ಆಮೇಲೆ ಬ್ರಷ್ಷಿನಿಂದ ಗುಡಿಸಿ ಬಿಸಿಲಿಗೆ ಹಾಕಬೇಕು. ಊದುಬತ್ತಿ ವಾಸನೆಯನ್ನು ಮುಚ್ಚಿಡುತ್ತದೆ, ಸೋಡ ಹೀರಿಕೊಳ್ಳುತ್ತದೆ. ಈ ವ್ಯತ್ಯಾಸ ತಿಳಿಯದವರ ಮನೆಗೆ ಹೋದರೆ ನನಗೆ ಐದೇ ನಿಮಿಷಕ್ಕೆ ಗೊತ್ತಾಗಿಬಿಡುತ್ತದೆ.

ಮದುವೆಯಾಗಿ ಹೊಳೆನರಸೀಪುರಕ್ಕೆ ಬಂದಾಗ ನನಗೆ ಇಪ್ಪತ್ತೆರಡು. ನಾನು ಮುಂಗೋಪಿ. ಕೊಳೆ ಕಂಡರೆ ಕೋಪ ಬರುತ್ತದೆ, ಕೋಪ ಬಂದರೆ ಸೆರಗು ಸಿಕ್ಕಿಸಿ ತೊಳೆಯೋದಕ್ಕೆ ಕೂರುತ್ತೇನೆ. ಬಂದ ತಿಂಗಳಲ್ಲೇ ನಾದಿನಿ ನನಗೆ 'ಸೋಡ' ಅಂತ ಅಡ್ಡಹೆಸರಿಟ್ಟಳು. ಅವಳು ನನ್ನ ಗಂಡನ ಅಕ್ಕ, ಅರಕಲಗೂಡಿಗೆ ಕೊಟ್ಟಿದ್ದಾರೆ. ಹಬ್ಬಕ್ಕೆ ಬಂದರೆ ಬಾಗಿಲಲ್ಲೇ ನಿಂತು, "ಚಪ್ಪಲಿಗೂ ಸೋಡ ಹಾಕ್ತೀಯೇನವ್ವ, ಇಲ್ಲೇ ಬಿಡ್ಲಾ?" ಅಂತ ಕೇಳುವವಳು. ನಾನು ನಿಜವಾಗಿಯೂ ಹಾಕುತ್ತಿದ್ದೆ.

ಆದರೆ ಆ ಮನೆಯಲ್ಲಿ ನನಗಿಂತ ದೊಡ್ಡವರೊಬ್ಬರಿದ್ದರು. ನಮ್ಮತ್ತೆ. ಅವರ ಮೂಗಿಗೆ ಬೀದಿಯೇ ಹೆದರುತ್ತಿತ್ತು. ಹಾಲು ತಳ ಹಿಡಿಯುವ ಮೊದಲೇ ಹಜಾರದಿಂದ ಕೂಗುವವರು. ಪಕ್ಕದ ಮನೆಯ ಉಪ್ಸಾರಿಗೆ ಯಾವ ಸೊಪ್ಪು ಬಿದ್ದಿದೆ ಅಂತ ಇಲ್ಲೇ ಕೂತು ಹೇಳುವವರು. ನಮ್ಮ ಮಾವ ತೆಂಗಿನಕಾಯಿ ವ್ಯಾಪಾರ ಮಾಡುತ್ತಿದ್ದರು, ಬೀಡಿ ಸೇದುವ ಅಭ್ಯಾಸ. ಮದುವೆಯಾದ ಹೊಸದರಲ್ಲಿ ಅತ್ತೆ, "ಆ ನಾತ ಒತ್ಕಂಡು ಒಳಕ್ಕೆ ಬರಬ್ಯಾಡಿ," ಅಂದಿದ್ದರಂತೆ. ಅಷ್ಟೇ. ಐವತ್ತು ವರ್ಷ ಮಾವ ಬೀದಿಯ ಕೊನೆಯಲ್ಲಿ ಬೀಡಿ ಮುಗಿಸಿ, ಹಿತ್ತಿಲಿನಿಂದ ಬಂದು ಬಾಯಿ ಮುಕ್ಕಳಿಸಿ, ಏಲಕ್ಕಿ ಜಗಿದು, ಕುತ್ತಿಗೆಗೆ ಪೌಡರ್ ಬಳಿದುಕೊಂಡು, ಆಮೇಲೆ ಅತ್ತೆಯ ಮುಂದೆ ಬಂದು ಕೂರುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು. ನನ್ನ ಗಂಡನಂತೂ, "ಅಪ್ಪ ದಿನಾ ಹೆಣ್ಣು ನೋಡೋಕೆ ಬತ್ತದೆ," ಅನ್ನುತ್ತಿದ್ದ.

ಮಾವನಿಗೆ ಸಕ್ಕರೆ ಕಾಯಿಲೆ ಮೊದಲಿನಿಂದ ಇತ್ತು. ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ಹಳೇಕೋಟೆ ಹತ್ತಿರದ ತೋಟದಲ್ಲಿ ಕಾಲಿಗೆ ಏನೋ ಚುಚ್ಚಿತು. ಯಾರಿಗೂ ಹೇಳದೆ ಅರಿಶಿನ ಮೆತ್ತಿಕೊಂಡು ಓಡಾಡಿದರು. ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋಗುವ ಹೊತ್ತಿಗೆ ಎರಡು ಬೆರಳು ಕಪ್ಪಾಗಿದ್ದವು. ಅವನ್ನು ತೆಗೆದರು. ಗಾಯ ಮಾಯಲಿಲ್ಲ. ಮೊಣಕಾಲಿನ ತನಕ ತೆಗೆಯಬೇಕು ಅಂದಾಗ ಮಾವ, "ಕಾಲಿಲ್ದೆ ತ್ವಾಟಕ್ಕೆ ಎಂಗ್ ಓಗ್ಲಿ ಸಾ, ಮನೆಗೆ ಕಳ್ಸಿ," ಅಂತ ಕೈ ಮುಗಿದರು. ಮಗ ಹೇಳಿದ, ಮಗಳು ಅತ್ತಳು, ಅತ್ತೆ ಬೈದರು. ಅವರು ಜಗ್ಗಲಿಲ್ಲ. ಮನೆಗೆ ಕರೆತಂದೆವು.

ಹೊರಡುವ ದಿನ ಅಲ್ಲಿನ ನರ್ಸೊಬ್ಬರು ನನಗೆ ಡ್ರೆಸ್ಸಿಂಗ್ ಮಾಡುವುದನ್ನು ಕಲಿಸಿದರು. ವಯಸ್ಸಾದ ಹೆಂಗಸು, ಕಡಿಮೆ ಮಾತು. ಕೊನೆಗೆ ನನ್ನನ್ನು ಪಕ್ಕಕ್ಕೆ ಕರೆದು, "ವಾಸನೆ ಜಾಸ್ತಿ ಆಗುತ್ತಮ್ಮ. ಅಗಲ ಬಾಯಿಯ ಬಟ್ಟಲಲ್ಲಿ ಅಡಿಗೆ ಸೋಡ ಹಾಕಿ ಮಂಚದ ಕೆಳಗಿಡಿ, ಎರಡು ದಿನಕ್ಕೊಮ್ಮೆ ಬದಲಾಯಿಸಿ. ಗಾಯಕ್ಕೆ ಮಾತ್ರ ಮುಟ್ಟಿಸಬೇಡಿ," ಅಂದರು. ನನಗೆ ಒಳಗೊಳಗೇ ಹೆಮ್ಮೆಯಾಯಿತು. ಸೋಡದ ವಿಷಯವನ್ನು ನನಗೆ ಹೇಳುತ್ತಿದ್ದಾರಲ್ಲ ಅಂತ.

ಆ ವಾಸನೆ ಹೇಗಿತ್ತು ಅಂತ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಹೂದಾನಿಯಲ್ಲಿ ವಾರಗಟ್ಟಲೆ ಉಳಿದು ಕೊಳೆತ ನೀರಿನ ಹಾಗೆ, ಅದರೊಳಗೆ ಒಂದು ಸಿಹಿ. ಆ ಸಿಹಿಯನ್ನೇ ತಡೆಯಲಾಗುತ್ತಿರಲಿಲ್ಲ. ದಿನಕ್ಕೆ ಎರಡು ಸಲ ಗಾಯದ ಬಟ್ಟೆ ಬಿಚ್ಚಿ ಕಟ್ಟುತ್ತಿದ್ದೆ. ಹಾಸಿಗೆಗೆ ಸೋಡ ಉದುರಿಸುತ್ತಿದ್ದೆ, ಬೆಡ್‌ಪ್ಯಾನಿಗೆ ಸೋಡ, ನೆಲ ಒರೆಸುವ ನೀರಿಗೆ ಸೋಡ, ಬಟ್ಟೆ ನೆನೆಸುವ ಬಕೆಟ್ಟಿಗೆ ಸೋಡ. ಮಾವ ಸುಮ್ಮನೆ ಸೂರು ನೋಡುತ್ತ ಮಲಗಿರುತ್ತಿದ್ದರು. ಒಂದೊಂದು ಸಲ, "ಸಾಕು ಬುಡವ್ವ, ನೀನು ಉಣ್ಣೋಗು," ಅನ್ನುತ್ತಿದ್ದರು. ಅವರ ಮುಂದೆ ನಾನು ಒಂದು ದಿನವೂ ಮೂಗು ಮುಚ್ಚಿಕೊಂಡಿಲ್ಲ. ಉಸಿರು ಹಿಡಿದಿದ್ದೇನೆ, ಮುಚ್ಚಿಕೊಂಡಿಲ್ಲ.

ಒಂದು ಬೆಳಿಗ್ಗೆ ಗಾಯದ ಬಟ್ಟೆ ಬದಲಿಸುತ್ತಿದ್ದೆ. ಅತ್ತೆ ಗಂಜಿ ಲೋಟ ಹಿಡಿದು ಬಾಗಿಲಿಗೆ ಬಂದರು. ಬಟ್ಟೆ ಬಿಚ್ಚಿದ್ದ ಹೊತ್ತು. ಅವರ ಇನ್ನೊಂದು ಕೈ ತಾನಾಗಿ ಸೆರಗನ್ನು ಎತ್ತಿ ಮೂಗಿಗೆ ಹಿಡಿಯಿತು. ಬೇಕು ಅಂತ ಮಾಡಿದ್ದಲ್ಲ. ಎರಡು ಕ್ಷಣ ಇರಬಹುದು. ತಕ್ಷಣ ಕೈ ಇಳಿಸಿ ಲೋಟವನ್ನು ಸ್ಟೂಲಿನ ಮೇಲಿಟ್ಟು, "ಬಿಸಿ ಅದೆ, ಕುಡೀರಿ," ಅಂತ ಹೇಳಿ ಹೋದರು. ಮಾವ ಗೋಡೆ ಕಡೆ ತಿರುಗಿಕೊಂಡರು.

ನಾನು ಗಂಟು ಹಾಕಿ ಮುಗಿಸಿದೆ. ಆಮೇಲೆ ಗೋಡೆಗೆ ಹೇಳುವವರ ಹಾಗೆ ಹೇಳಿದರು. "ಈ ನಾತ ಓಗೋಗಂಟ ಅವಳ್ನ ಒಳಕ್ಕೆ ಬುಡಬ್ಯಾಡ ಕಣವ್ವ. ನಾನೇಳ್ದೆ ಅಂತನೂ ಏಳ್ಬ್ಯಾಡ. ಡಾಕ್ಟ್ರು ಬ್ಯಾಡ ಅಂದವ್ರೆ ಅನ್ನು."

"ಮಾವ, ಅತ್ತೆ ಹಂಗೆಲ್ಲ ತಿಳ್ಕೊಳಲ್ಲ," ಅಂದೆ.

"ಅವಳು ತಿಳ್ಕಳಲ್ಲ. ನಂಗಾಗಲ್ಲ," ಅಂದರು. ಮುಖ ತಿರುಗಿಸದೆಯೇ, "ಓಯ್ತದೇನವ್ವ ಇದು?" ಅಂತ ಕೇಳಿದರು.

"ಒಂದು ವಾರ ಮಾವ. ಹೋಗಿಸ್ತೀನಿ," ಅಂತ ಮಾತು ಕೊಟ್ಟುಬಿಟ್ಟೆ. ಸೋಡ ಇದೆಯಲ್ಲ, ನಾನಿದ್ದೀನಲ್ಲ ಅನ್ನುವ ಜಂಬ. ಆ ಜಂಬಕ್ಕೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ವಾರ ಹೋಗಿ ನಾಲ್ಕು ತಿಂಗಳಾಯಿತು. ಅತ್ತೆಗೂ ಸಕ್ಕರೆ ಇತ್ತು, ಅವರ ಕಾಲಲ್ಲೂ ಸೀಳಿತ್ತು. ಸೋಂಕು ತಗಲುತ್ತದೆ, ಡಾಕ್ಟರು ಒಳಗೆ ಬರಬಾರದು ಅಂದಿದ್ದಾರೆ ಅಂದೆ. ಅವರು ಮೊದಮೊದಲು ನಂಬಿದರು. ಹೊಸ್ತಿಲ ಆಚೆ ಕುರ್ಚಿ ಹಾಕಿಕೊಂಡು ಕೂತು ಮಾತಾಡಿಸುತ್ತಿದ್ದರು. ಮಾವ ಮುಖದ ಮೇಲೆ ದುಪ್ಪಟಿ ಎಳೆದುಕೊಂಡು ನಿದ್ದೆಯವರ ಹಾಗೆ ಮಲಗಿಬಿಡುತ್ತಿದ್ದರು. ಗೊರಕೆ ಕೂಡ ಹೊಡೆಯುತ್ತಿದ್ದರು, ಸುಳ್ಳು ಗೊರಕೆ. ಆ ಕಡೆ ಅತ್ತೆ, "ಇವತ್ತು ಬಿಸ್ಲು ಜೋರದೆ... ತ್ವಾಟದಲ್ಲಿ ಕಾಯಿ ಕೀಳ್ಸಿದ್ರು..." ಅಂತ ಒಬ್ಬರೇ ಹೇಳುತ್ತಿದ್ದರು. ನಡುವೆ ನಾನು ಬ್ರಷ್ಷು ಹಿಡಿದು ಸೋಡ ಗುಡಿಸುತ್ತಿದ್ದೆ. ಬರುಬರುತ್ತ ಅತ್ತೆ ನನ್ನನ್ನು ನೋಡುವ ನೋಟ ಬದಲಾಯಿತು. ಒಂದು ದಿನ ಫೋನಿನಲ್ಲಿ ಮಗಳಿಗೆ, "ಸೋಡ ನನ್ನ ಒಳಕ್ಕೆ ಬುಡಲ್ಲ ಕಣೆ. ನಾನೇನೋ ಗಲೀಜು ಅನ್ನಂಗೆ ಆಡ್ತಾಳೆ," ಅನ್ನುವುದು ಅಡುಗೆಮನೆಗೆ ಕೇಳಿಸಿತು. ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿಬಿಡಬಹುದಿತ್ತು. ಕೊಟ್ಟ ಮಾತು ಅಡ್ಡ ಬಂತು ಅಂತ ಹೇಳಿಕೊಳ್ಳುತ್ತೇನೆ. ಹಟವೂ ಇತ್ತು. ಅನ್ನಲಿ, ನಾನು ಮಾಡುವ ಚಾಕರಿ ದೇವರಿಗೆ ಗೊತ್ತು ಅನ್ನುವ ಹಟ.

ಶಿವರಾತ್ರಿಗೆ ಇನ್ನೂ ಸ್ವಲ್ಪ ದಿನ ಇರುವಾಗ, ಬೆಳಗಿನ ಕಾಫಿ ಹೊತ್ತಿಗೆ ಮಾವ ಹೋದರು. ಅವತ್ತು ಅತ್ತೆಯನ್ನು ಯಾರೂ ತಡೆಯಲಿಲ್ಲ. ಒಳಗೆ ಬಂದು ಮಂಚದ ಪಕ್ಕ ನೆಲದಲ್ಲಿ ಕೂತರು. ಅರಿಶಿನದ ನೀರಿನಲ್ಲಿ ಸ್ನಾನ ಮಾಡಿಸಿದ ಮೇಲೆ ಅಷ್ಟು ದಿನ ಹಾಸಿಗೆಯಲ್ಲಿ ಮಾವನ ಜೊತೆಗೇ ಇದ್ದ ಅವರ ಚೌಕುಳಿ ಟವೆಲಿನಿಂದ ಅವರ ಮುಖ, ಕಿವಿ, ಕುತ್ತಿಗೆ ಒರೆಸಿದರು. ಒರೆಸುತ್ತಲೇ ಇದ್ದರು. ಕೊನೆಗೆ ನಾದಿನಿ ಬಂದು ಕೈ ಹಿಡಿದಳು.

ಹಾಸಿಗೆ, ದಿಂಬು, ಬಟ್ಟೆ ಎಲ್ಲವನ್ನೂ ಸಂಪ್ರದಾಯದಂತೆ ಹೊರಗೆ ಹಾಕಿಸಿದೆವು. ಕೋಣೆಗೆ ಸುಣ್ಣ ಹೊಡೆಸಿದೆವು. ಹನ್ನೊಂದನೆಯ ದಿನ ಕಳೆಯಿತು, ನೆಂಟರು ಹೊರಟರು. ಮಂಚದ ಕೆಳಗಿನ ಬಟ್ಟಲನ್ನು ನಾನೇ ತೆಗೆದು ತೊಳೆದು ಅಟ್ಟದ ಮೇಲಿಟ್ಟೆ.

ಆಮೇಲೆ ಶುರುವಾಯಿತು.

ಮೊದಲ ಸಲ ಬಂದದ್ದು ಕಾಫಿ ಲೋಟದಲ್ಲಿ. ಬಾಯಿಗಿಟ್ಟರೆ ಆ ಸಿಹಿ. ಲೋಟ ತೊಳೆದೆ, ಹಾಲು ಚೆಲ್ಲಿದೆ, ಬೇರೆ ಪ್ಯಾಕೆಟ್ ಒಡೆದೆ. ಸಂಜೆ ನನ್ನ ಕೂದಲಲ್ಲಿ ಬಂತು. ಹಾಸನಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗ ಬಂತು, ಮುಂದಿನ ಸೀಟಿನವರನ್ನು ಅನುಮಾನದಿಂದ ನೋಡಿದೆ. ಅನ್ನ ಬಸಿಯುವಾಗ, ದೇವರ ಮುಂದೆ ದೀಪ ಹಚ್ಚುವಾಗ, ಮಡಿಸಿಟ್ಟ ಸೀರೆ ಬಿಡಿಸುವಾಗ. ಕೋಣೆಯ ಬಾಗಿಲು ದಾಟುವಾಗಂತೂ ಎದುರಿಗೆ ನಿಂತವರ ಹಾಗೆ ತಪ್ಪದೆ ಬರುತ್ತಿತ್ತು. ಗಂಡನನ್ನು ಕರೆದು ನಿಲ್ಲಿಸಿ ಮೂಸಿಸಿದೆ. "ಏನೂ ಇಲ್ಲ ಕಣೆ. ಬರೀ ಸುಣ್ಣದ ವಾಸ್ನೆ," ಅಂದ. ಎರಡನೆಯ ಸಲ ಕರೆದಾಗ ಅವನ ಮುಖದಲ್ಲಿ ಗಾಬರಿ ಇತ್ತು. ಮೂರನೆಯ ಸಲ ನಾನು ಕರೆಯಲಿಲ್ಲ.

ಹೆದರಿಕೆ ಆಯಿತಾ ಅಂದರೆ, ಆಯಿತು. ದೆವ್ವ ಅಂತಲ್ಲ. ಮಾವ ದೆವ್ವವಾಗಿ ಬಂದು ಸೊಸೆಯನ್ನು ಹೆದರಿಸುವ ಪೈಕಿ ಅಲ್ಲ. ಒಂದು ವಾರದಲ್ಲಿ ಹೋಗಿಸುತ್ತೇನೆ ಅಂದಿದ್ದೆನಲ್ಲ, ಇನ್ನೂ ಹೋಗಿಲ್ಲ ಅಂತ ಅವರು ಬಂದು ನನ್ನ ಮುಂದೆ ನಿಲ್ಲುತ್ತಿದ್ದಾರೆ ಅನ್ನಿಸುತ್ತಿತ್ತು. ಓಯ್ತದೇನವ್ವ ಇದು ಅಂತ ಕೇಳಿದ ಆ ದನಿ. ನಾನು ಉಜ್ಜೋದಕ್ಕೆ ಕೂತೆ. ಬಾಗಿಲು, ಕಿಟಕಿ ಸರಳು, ಬೀರುವಿನ ಹಿಂಬದಿ, ಫ್ಯಾನಿನ ರೆಕ್ಕೆ. ಅಂಗಡಿಯವನು ಸೋಡದ ಪ್ಯಾಕೆಟ್ಟುಗಳನ್ನು ಕಟ್ಟಿಕೊಡುತ್ತ, "ಏನಕ್ಕ, ಬೋಂಡ ಅಂಗ್ಡಿ ಇಟ್ರಾ?" ಅಂತ ಕೇಳಿದ. ಅಪ್ಪನ ಹೋಟೆಲಿನಲ್ಲಿಯೂ ಅಷ್ಟು ಸೋಡ ಖರ್ಚಾಗಿರಲಿಲ್ಲ. ಕೋಣೆ ಕೋಣೆಯ ಮೂಲೆಗೂ ಒಂದೊಂದು ಬಟ್ಟಲು ಇಟ್ಟೆ. ಎದುರು ಮನೆಯಾಕೆ ಮೊಸರಿಗೆ ಹೆಪ್ಪು ಕೇಳೋಕೆ ಬಂದವಳು ಮೂಲೆಯಲ್ಲಿನ ಬಿಳಿ ಪುಡಿ ನೋಡಿ ಹೊಸ್ತಿಲಿನಿಂದಲೇ ಹಿಂದಕ್ಕೆ ಹೋದಳು. ಸೊಸೆ ಏನೋ ಮಾಡಿಸಿಟ್ಟಿದ್ದಾಳೆ ಅಂತ ಬೀದಿಯಲ್ಲಿ ಮಾತಾಯಿತಂತೆ. ನಗಬೇಕಾದ ವಿಷಯ. ನನಗೆ ನಗು ಬರಲಿಲ್ಲ.

ಅತ್ತೆ ಇದನ್ನೆಲ್ಲ ನೋಡುತ್ತಿದ್ದರು. ನನ್ನ ಜೊತೆ ಬೇಕಾದಷ್ಟೇ ಮಾತು. ಒಂದು ಮಧ್ಯಾಹ್ನ ನಾನು ಗೋಡೆಗೆ ಮೂಗು ಹಚ್ಚಿ ನಿಂತಿದ್ದಾಗ ಹಿಂದಿನಿಂದ ಬಂದು, "ನಿಂಗೆ ಬತ್ತದಾ?" ಅಂತ ಕೇಳಿದರು. ಹೂಂ ಅಂದೆ. "ನಂಗೆ ಬರಲ್ಲ," ಅಂದರು. ಅಷ್ಟೇ ಹೇಳಿ ಹೋದರು. ಹಾಲು ತಳ ಹಿಡಿಯುವುದು ಹಜಾರದಿಂದಲೇ ತಿಳಿಯುತ್ತಿದ್ದ ಮೂಗು ಅದು.

ಪಿತೃಪಕ್ಷ ಬಂತು. ಮಾವ ಹೋದ ಮೇಲೆ ಮೊದಲ ಎಡೆ. ನಮ್ಮ ಕಡೆ ಎಡೆ ಇಡುವುದು ಅಂದರೆ ಹೋದವರಿಗೆ ಏನೇನು ಇಷ್ಟವೋ ಅದನ್ನೆಲ್ಲ ಎಲೆಗೆ ಬಡಿಸಿ, ಅವರ ಬಟ್ಟೆಬರೆ ಪಕ್ಕದಲ್ಲಿಟ್ಟು, ಧೂಪ ಹಾಕಿ, ಬಾಗಿಲು ಮುಚ್ಚಿಕೊಂಡು ಎಲ್ಲರೂ ಹೊರಗೆ ಬರುವುದು. ಹಿರಿಯರು ಬಂದು ಉಣ್ಣುವಷ್ಟು ಹೊತ್ತು ಬಿಟ್ಟು ಬಾಗಿಲು ತೆಗೆಯಬೇಕು. ಅಲ್ಲಿಯ ತನಕ ಯಾರೂ ಒಳಗೆ ಕಾಲಿಡುವ ಹಾಗಿಲ್ಲ, ಯಾರೂ ಉಣ್ಣುವ ಹಾಗೂ ಇಲ್ಲ. ಅದಕ್ಕೆ ಮೊದಲು ಮನೆಯಲ್ಲಿರುವ ಬಟ್ಟೆ, ಹೊದಿಕೆ, ಚಾಪೆ ಎಲ್ಲ ಒಗೆದು ಶುದ್ಧ ಮಾಡಬೇಕು. ನನಗೆ ಹೇಳಬೇಕೇ?

ಅತ್ತೆ ಎರಡು ದಿನದ ಮಟ್ಟಿಗೆ ಹಳೇಕೋಟೆಯಲ್ಲಿ ತಮ್ಮನ ಮನೆಗೆ ಹೋಗಿದ್ದರು. ಅವರ ಟ್ರಂಕಿನಲ್ಲಿದ್ದ ಸೀರೆಗಳನ್ನು ಬಿಸಿಲಿಗೆ ಹಾಕೋಣ ಅಂತ ತೆಗೆದೆ. ಕೇಳದೆ ತೆಗೆದದ್ದು ತಪ್ಪು, ಗೊತ್ತು. ಎಲ್ಲಕ್ಕಿಂತ ತಳದಲ್ಲಿ ಪ್ಲಾಸ್ಟಿಕ್ ಕವರಿನ ಒಂದು ಗಂಟು ಇತ್ತು, ಮೂರು ಕವರು ಒಂದರೊಳಗೊಂದು. ಬಿಚ್ಚಿದೆ. ಮಾವನ ಚೌಕುಳಿ ಟವೆಲು. ಅದೇ ವಾಸನೆ ಮುಖಕ್ಕೆ ಬಡಿಯಿತು. ಏಳು ತಿಂಗಳಿಂದ ಬಂದು ಹೋಗುತ್ತಿದ್ದಂಥದ್ದಲ್ಲ, ಕೈಯಲ್ಲಿ ಹಿಡಿಯಬಹುದಾದಂಥದ್ದು.

ನನಗೆ ಬಂದದ್ದು ಕೋಪ. ಇದೇ, ಇಷ್ಟು ದಿನ ನನ್ನ ಜೀವ ತಿಂದದ್ದು ಇದೇ, ಮನೆಯೊಳಗೇ ಇಟ್ಟುಕೊಂಡು ನನ್ನಿಂದ ಹುಚ್ಚಿಯ ಹಾಗೆ ಗೋಡೆ ಮೂಸಿಸಿದ್ದಾರೆ ಅಂತ. ಅದನ್ನು ಅಲ್ಲಿ ಯಾಕೆ ಇಟ್ಟಿದ್ದಾರೆ ಅಂತ ಒಂದು ನಿಮಿಷ ನಿಂತು ಯೋಚಿಸಿದ್ದರೆ ಸಾಕಿತ್ತು. ಬಚ್ಚಲ ಹಂಡೆಯಿಂದ ಕುದಿಯುವ ನೀರು ಬಕೆಟ್ಟಿಗೆ ಸುರಿದು, ಎರಡು ಹಿಡಿ ಸೋಡ ಹಾಕಿ, ಟವೆಲನ್ನು ಕೋಲಿನಿಂದ ಅದುಮಿದೆ. ನೋಡುತ್ತಿದ್ದ ಹಾಗೇ ನೀರು ಕೆಂಪಾಯಿತು. ರಕ್ತ ಅಂದುಕೊಂಡು ಕೋಲು ಕೈಬಿಟ್ಟೆ. ಆಮೇಲೆ ಹೊಳೆಯಿತು, ಅರಿಶಿನ. ಆರತಿ ನೀರಿಗೆ ಸುಣ್ಣ ಬಿದ್ದರೆ ಕೆಂಪಾಗುತ್ತದಲ್ಲ, ಬಿಸಿ ಸೋಡದ ನೀರಿಗೂ ಅದೇ ಗುಣ. ಕೊನೆಯ ಸ್ನಾನದ ದಿನ ಮುಖ ಒರೆಸಿದ ಅರಿಶಿನ.

ಅಷ್ಟು ಹೊತ್ತಿಗೆ ಹಿತ್ತಿಲ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಮಧ್ಯಾಹ್ನದ ಬಸ್ಸಿಗೇ ಬಂದುಬಿಟ್ಟಿದ್ದರು, ಕೈಯಲ್ಲಿ ಬ್ಯಾಗು ಹಾಗೇ ಇತ್ತು. ಬಕೆಟ್ಟು ನೋಡಿದರು. ಬ್ಯಾಗು ಕೆಳಗಿಟ್ಟು, ಮಂಡಿನೋವಿಗೆ ಗೋಡೆ ಹಿಡಿದುಕೊಂಡು ಬಂದು, ಬಿಸಿನೀರಿಗೆ ಕೈ ಹಾಕಿ ಟವೆಲು ಎತ್ತಿದರು. ಕೈ ಸುಟ್ಟಿತು ಅಂತ ಕೂಡ ಅನ್ನಲಿಲ್ಲ. ಹಿಂಡಿ, ಮುಖಕ್ಕೆ ಒತ್ತಿಕೊಂಡು, ಉಸಿರೆಳೆದರು. ಇನ್ನೊಂದು ಸಲ ಎಳೆದರು. ಕೆಂಪು ನೀರು ಅವರ ರವಿಕೆಯ ಮೇಲೆ ಇಳಿಯುತ್ತಿತ್ತು.

"ಇದ್ರಲ್ಲಿದ್ರು ಕಣವ್ವ," ಅಂದರು.

ಅವರ ಕೈಯಿಂದ ಟವೆಲು ತೆಗೆದುಕೊಳ್ಳೋಕೆ ಹೋದೆ, ಬಿಡಲಿಲ್ಲ.

"ನಾತ ಅಂತಿದ್ದೆ ನಾನು. ಅಷ್ಟು ವರ್ಷ ನಾತ ನಾತ ಅಂತಿದ್ದೆ. ಅದಾದ್ರೂ ಇತ್ತು ಅಂತ ದಿನಾ ಬಿಚ್ಚಿ ನೋಡ್ತಿದ್ದೆ," ಅಂದು ಟವೆಲನ್ನು ಬಕೆಟ್ಟಿಗೇ ಬಿಟ್ಟು ಒಳಗೆ ಹೋದರು. ಬೈಯಲಿಲ್ಲ. ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ಬಕೆಟ್ಟಿನ ಪಕ್ಕ ಕೂತು ಅತ್ತುಬಿಟ್ಟೆ. ಟವೆಲನ್ನು ಜಾಲಿಸಿ ಒಣಗಿಸಿದೆ. ಬಿಸಿಲ ವಾಸನೆ ಬಿಟ್ಟು ಅದರಲ್ಲಿ ಬೇರೇನೂ ಉಳಿದಿರಲಿಲ್ಲ. ಮಾರನೆಯ ಬೆಳಿಗ್ಗೆ ಕಾಫಿ ಲೋಟದಲ್ಲಿ ನನಗೆ ಮತ್ತೆ ಅದೇ ವಾಸನೆ ಬಂತು. ಟವೆಲಿಗೂ ನನ್ನನ್ನು ಕಾಡುತ್ತಿದ್ದುದಕ್ಕೂ ಸಂಬಂಧವೇ ಇರಲಿಲ್ಲ. ಅವರದನ್ನು ಕಳೆದೆ, ನನ್ನದು ನನ್ನಲ್ಲೇ ಉಳಿಯಿತು.

ಎಡೆಯ ದಿನ ಅರಕಲಗೂಡಿನಿಂದ ನಾದಿನಿ ಬಂದಳು. ಅಡುಗೆಗೆ ಕೈ ಹಾಕಿದಳು, ತಮಾಷೆ ಮಾಡಲಿಲ್ಲ. ಅತ್ತೆ ಅವಳಿಗೆ ಎಲ್ಲ ಹೇಳಿರಬೇಕು. ಸಂಜೆ ಇನ್ನೂ ಬೆಳಕಿರುವಾಗಲೇ ಮಾವನ ಕೋಣೆಯಲ್ಲಿ ಎಲೆ ಹಾಕಿದೆವು. ಮುದ್ದೆ, ಮಟನ್ ಸಾರು, ಕಜ್ಜಾಯ, ವಡೆ, ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ, ಚಿಕ್ಕ ಬಾಟ್ಲಿಯಲ್ಲಿ ಬ್ರಾಂದಿ. ಹೊಸ ಪಂಚೆಯ ಪಕ್ಕ ನಾನು ಆ ಟವೆಲು ಮಡಿಸಿಟ್ಟೆ. ಗಂಡ ಧೂಪ ಹಾಕಿ ಅಡ್ಡಬಿದ್ದ. ಅತ್ತೆ ಒಳಗೆ ಬರಲೇ ಇಲ್ಲ. ಹಜಾರದ ಕುರ್ಚಿಯಲ್ಲೇ ಕೂತಿದ್ದರು. "ಬನ್ನಿ ಅತ್ತೆ," ಅಂದದ್ದಕ್ಕೆ, "ಬರಲ್ಲ ಕಣವ್ವ ಅವ್ರು. ಏನ್ ಗುರ್ತು ಇಡ್ಕಂಡು ಬತ್ತಾರೆ? ಎಲ್ಲ ತೊಳ್ದಾಯ್ತಲ್ಲ," ಅಂದರು.

ಬಾಗಿಲು ಮುಚ್ಚಿದೆವು. ಹಜಾರದಲ್ಲಿ ನಾಲ್ಕೇ ಜನ, ಅತ್ತೆ, ನಾದಿನಿ, ನನ್ನ ಗಂಡ, ನಾನು. ಸ್ವಲ್ಪ ಹೊತ್ತಾದ ಮೇಲೆ ಅತ್ತೆ ನನ್ನ ಕಡೆ ತಿರುಗಿದರು.

"ನಿಂಗೆ ಇನ್ನೂ ಬತ್ತದಲ್ವಾ ವಾಸ್ನೆ?"

"ಬರುತ್ತೆ ಅತ್ತೆ."

"ಅಂಗಾದ್ರೆ ಒಳಕ್ಕೋಗು. ನಿಮ್ಮಾವ ಬಂದವ್ರಾ ನೋಡ್ಕಂಡು ಬಂದು ಏಳು."

ನಾದಿನಿ, "ಯವ್ವಾ, ಎಡೆ ಇಟ್ಟಾಗ ಯಾರಾದ್ರೂ ಒಳಕ್ಕೋಗ್ತಾರಾ?" ಅಂದಳು. ಗಂಡ ಎದ್ದು ನಿಂತ. ಅತ್ತೆ ಅವರಿಬ್ಬರನ್ನು ನೋಡಲೇ ಇಲ್ಲ. "ಅವಳ್ಗಾದ್ರೂ ಸಿಕ್ತವ್ರೆ. ಓಗು," ಅಂದರು. ಅವರ ಕಣ್ಣಲ್ಲಿ ಕೊಂಕಿರಲಿಲ್ಲ. ನನ್ನನ್ನು ಬೇಡುತ್ತಿದ್ದರು.

ನಾನು ಬಾಗಿಲು ಸರಿಸಿ ಒಳಗೆ ಹೋಗಿ ಹಿಂದೆ ಹಾಕಿಕೊಂಡೆ. ದೀಪ ಉರಿಯುತ್ತಿತ್ತು. ಧೂಪದ ಹೊಗೆ ಸೊಂಟದ ಮಟ್ಟಕ್ಕೆ ನಿಂತಿತ್ತು. ಸಾರಿನ ಮೇಲೆ ಜಿಡ್ಡು ಕಟ್ಟಿತ್ತು. ಎಲೆ ಹೇಗೆ ಬಡಿಸಿದ್ದೆವೋ ಹಾಗೇ ಇತ್ತು. ಉಸಿರೆಳೆದೆ. ಮಸಾಲೆ, ಸಾಂಬ್ರಾಣಿ, ಕರಿದ ಎಣ್ಣೆ. ಮಂಚದ ಹತ್ತಿರ ಹೋಗಿ ಬಗ್ಗಿ ಎಳೆದೆ. ಅವರು ತಿರುಗಿಕೊಂಡು ಮಲಗುತ್ತಿದ್ದ ಗೋಡೆಯ ಹತ್ತಿರ ಎಳೆದೆ. ಏನೂ ಇಲ್ಲ. ಏಳು ತಿಂಗಳು ಬಸ್ಸಿಗೂ ದೇವರ ಮನೆಗೂ ಬಂದದ್ದು, ಕರೆಯಲು ಹೋದ ಹೊತ್ತಿಗೆ ಇರಲಿಲ್ಲ. ಆ ಕೋಣೆಯಲ್ಲಿ ನಾಲ್ಕು ತಿಂಗಳು ನಾನು ಹೆದರಿರಲಿಲ್ಲ. ಅವತ್ತು ಹೆದರಿದೆ. "ಮಾವ," ಅಂತ ಮೆಲ್ಲಗೆ ಕೂಗಿದೆ. ಒಂದು ಗಳಿಗೆ ಅಲ್ಲೇ ನಿಂತು ಹೊರಗೆ ಬಂದೆ.

"ಬಂದವ್ರಾ?" ಅತ್ತೆ ಕೇಳಿದರು.

"ಬಂದಿದ್ದಾರೆ," ಅಂದೆ.

ಅಲ್ಲಿಗೆ ಮುಗಿಯುತ್ತದೆ ಅಂದುಕೊಂಡಿದ್ದೆ. ಅವರು ಮುಂದಕ್ಕೆ ಬಾಗಿ, "ಏನಂದ್ರು?" ಅಂತ ಕೇಳಿದರು.

ನಾನು ಅದನ್ನು ಯೋಚಿಸಿರಲಿಲ್ಲ. ನನ್ನ ಬಾಯಿಂದ ಬಂದದ್ದು ಹೀಗೆ. "ನಾತ ಓಯ್ತಾ ಅಂತ ಕೇಳಿದ್ರು. ಹೋಯ್ತು ಮಾವ ಅಂದೆ. ಅಂಗಾದ್ರೆ ಅವಳ್ನ ಒಳಕ್ಕೆ ಕರಿಯವ್ವ ಅಂದ್ರು."

ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು.

"ಡಾಕ್ಟ್ರಲ್ವಾ ಬ್ಯಾಡ ಅಂದಿದ್ದು?"

"ಅಲ್ಲ ಅತ್ತೆ. ಮಾವ. ಯಾರಿಗೂ ಹೇಳಬೇಡ ಅಂದಿದ್ರು."

ಅವರ ಕೈ ಸೆರಗಿನ ಅಂಚನ್ನು ಹಿಡಿದುಕೊಂಡಿತು. "ಅವತ್ತು ಗಂಜಿ ತಂದ್ನಲ್ಲ," ಅಂದರು. "ನೋಡ್ಬುಟ್ರಾ?"

ನಾನು ತಲೆ ತಗ್ಗಿಸಿದೆ. ಇಲ್ಲ ಅಂತ ಇನ್ನೊಂದು ಸುಳ್ಳು ಹೇಳಬಹುದಿತ್ತು. ಆಗಲಿಲ್ಲ.

ಅತ್ತೆ ಕುರ್ಚಿಯ ಕೈ ಹಿಡಿದು ಎದ್ದರು. ನಾದಿನಿ ಹಿಡಿದುಕೊಳ್ಳೋಕೆ ಹೋದರೆ ಬೇಡ ಅಂತ ಕೈ ಅಲ್ಲಾಡಿಸಿದರು. ಗೋಡೆ ಹಿಡಿದು ನಡೆದು, ಹೊಸ್ತಿಲು ದಾಟಿ, ಬಾಗಿಲನ್ನು ಒಳಗಿನಿಂದ ಹಾಕಿಕೊಂಡರು.

ನಾವು ಮೂವರೂ ನಿಂತೇ ಇದ್ದೆವು. ಊಟದ ಮಾತು ಯಾರೂ ಎತ್ತಲಿಲ್ಲ. ಒಳಗೆ ಯಾರೂ ಇಲ್ಲ, ಬರೀ ಆರಿದ ಸಾರು ಇದೆ ಅಂತ ಆ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಸ್ವಲ್ಪ ಹೊತ್ತಿಗೆ ಅತ್ತೆಯ ದನಿ ಕೇಳಿಸಿತು. ಮಾತು ಬಿಡಿಸಿ ತಿಳಿಯುತ್ತಿರಲಿಲ್ಲ, ಬೈಯುತ್ತಿದ್ದ ಹಾಗಿತ್ತು. ಆಮೇಲೆ ದನಿ ನಿಂತಿತು. ಎದುರಿಗಿದ್ದವರು ಉತ್ತರ ಹೇಳಿ ಮುಗಿಸುವಷ್ಟು ಹೊತ್ತು ನಿಂತಿದ್ದು, ಮತ್ತೆ ಶುರುವಾಯಿತು.